ಆಕ್ಸಿಲರೇಟರ್ ತಿರುವಿದರೂ ಸ್ಕೂಟರ್ ಎಳೆಯುತ್ತಿಲ್ಲವೇ?

ಹಾಲಿನ ಕ್ಯಾನ್ ಇಟ್ಟುಕೊಂಡು ಹೊರಟ ಸ್ಕೂಟರ್ ಏರಿನಲ್ಲಿ ಮುಕ್ಕರಿಸಿದರೆ ಸಂಘದಲ್ಲಿ ಹಾಲು ಅಳೆಯುವ ಹೊತ್ತು ಮೀರುತ್ತದೆ. ಬಿಸಿಲೇರಿದರೆ ಹಾಲೂ ಕೆಡುತ್ತದೆ. ಆದ್ದರಿಂದ ತಾಯಂದಿರೇ, ಗಾಡಿ ಸೊರಗಿದ ಮೊದಲ ದಿನವೇ ಕಿವಿಗೊಟ್ಟು ಕೇಳಿ: ಆಕ್ಸಿಲರೇಟರ್ ತಿರುವಿದಾಗ ಇಂಜಿನ್ ಸದ್ದು ಏರುತ್ತದೆಯೇ, ಕುಗ್ಗುತ್ತದೆಯೇ?

ಸದ್ದು ಏರಿಯೂ ವೇಗ ಬಾರದಿದ್ದರೆ ಬೆಲ್ಟ್ ಅಥವಾ ಕ್ಲಚ್ ಸವೆದಿರಬಹುದು. ಅದು ಮೆಕ್ಯಾನಿಕ್ ಕೆಲಸ.

ಸದ್ದೇ ಕುಗ್ಗಿದರೆ ಮೊದಲು ಏರ್ ಫಿಲ್ಟರ್ ನೋಡಿ. ನಾವು ಗಾಡಿ ನಿಲ್ಲಿಸುವುದೇ ಮೇವು ಕತ್ತರಿಸುವ ಯಂತ್ರದ ಪಕ್ಕ! ಹೊಟ್ಟು, ಬೂಸಾ ಧೂಳು ಫಿಲ್ಟರಿಗೆ ಮೆತ್ತಿದರೆ ಇಂಜಿನ್‌ಗೆ ಗಾಳಿ ಸಾಲದು. ಹಳೆಯ ಕಾರ್ಬ್ಯುರೇಟರ್ ಗಾಡಿಯಾದರೆ ಕಪ್ಪು ಹೊಗೆ ಬಂದು ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. ಕಾಗದದ ಫಿಲ್ಟರನ್ನು ತೊಳೆಯಬೇಡಿ, ಬದಲಾಯಿಸಿ. ಸ್ಪಂಜಿನದಾದರೆ ಸೋಪು ನೀರಿನಲ್ಲಿ ಹಿಂಡಿ ನೆರಳಲ್ಲಿ ಒಣಗಿಸಿ. ಫಿಲ್ಟರ್ ಕಿತ್ತಿಟ್ಟು ಓಡಿಸುವವರಿದ್ದಾರೆ; ಧೂಳು ನೇರ ಒಳಹೊಕ್ಕು ಸಿಲಿಂಡರ್ ಸವೆಯುತ್ತದೆ, ಆಮೇಲಿನ ಖರ್ಚು ದೊಡ್ಡದು.

ಸ್ವಲ್ಪ ದೂರ ಓಡಿ ಗಾಡಿ ಸೊರಗುತ್ತದೆಯೇ? ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯಿರಿ. ಗಾಳಿ ಎಳೆದ ಸದ್ದು ಕೇಳಿ ಗಾಡಿ ಸರಿಹೋದರೆ ಮುಚ್ಚಳದ ಗಾಳಿಕಿಂಡಿ ಕಟ್ಟಿದೆ. ಕೊಟ್ಟಿಗೆ ತೊಳೆಯುವ ಪೈಪಿನಲ್ಲೇ ಗಾಡಿಯನ್ನೂ ತೊಳೆಯುವವರು ಟ್ಯಾಂಕಿಗೆ ನೀರು ಇಳಿಯದಂತೆ ನೋಡಿಕೊಳ್ಳಿ. ಈಗಿನ ಎಥೆನಾಲ್ ಬೆರೆತ ಪೆಟ್ರೋಲಿಗೆ ನೀರು ಸೇರಿದರೆ ಅದು ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಇಂಜಿನ್ ಆರಿಸಿ, ದೊಡ್ಡ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿದ್ದರೆ ಬ್ರೇಕ್ ಹಿಡಿದಿರಬಹುದು.

ಮೆಕ್ಯಾನಿಕ್ ಹೊಸ ಬೆಲ್ಟ್, ಪ್ಲಗ್ ಹಾಕಿದರೆ ಹಳೆಯದನ್ನು ಕೇಳಿ ಪಡೆಯಿರಿ.