ಪದಸಾಹಚರ್ಯವೂ ಶಾಸನಶೋಧನೆಯೂ

ಲಕ್ಷ್ಮಣನೊಡನೆ ಬಂದ ರಾಮನು ದಾಶರಥಿ. ಅರ್ಜುನನಿಗೆ ಎದುರಾಳಿಯಾಗಿ ಬಂದ ರಾಮನು ಪರಶುರಾಮ, ಅಲ್ಲಿಯ ಅರ್ಜುನನು ಕಾರ್ತವೀರ್ಯ. ಅನೇಕಾರ್ಥವುಳ್ಳ ಶಬ್ದದ ಅರ್ಥವನ್ನು ನಿಶ್ಚಯಿಸುವ ಸಾಧನಗಳಲ್ಲಿ ಸಾಹಚರ್ಯವೂ ಒಂದೆಂದು ಭರ್ತೃಹರಿಯು ವಾಕ್ಯಪದೀಯದಲ್ಲಿ ಎಣಿಸಿದ್ದಾನೆ. ಗಣಕಯಂತ್ರದಲ್ಲಿ ಹುಡುಕಿದಾಗ ದೊರೆಯುವ ಫಲಗಳನ್ನು ವರ್ಗವರ್ಗವಾಗಿ ವಿಂಗಡಿಸುವುದಕ್ಕೂ ಈ ತತ್ತ್ವವೇ ಆಧಾರವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ನಮ್ಮ ವಿದ್ಯಾರ್ಥಿಯೊಬ್ಬನು ಹಾಸನ ಜಿಲ್ಲೆಯ ಶಾಸನಗಳ ಮೂಲಪಾಠದಲ್ಲಿ ‘ಹಳೇಬೀಡು’ ಎಂಬ ಶಬ್ದವನ್ನು ಹುಡುಕಿದನು. ಹೊಯ್ಸಳರ ಕಾಲದ ಶಾಸನವೊಂದೂ ದೊರೆಯಲಿಲ್ಲ. ಆ ಅರಸರಿಗೂ ಈ ಊರಿಗೂ ಸಂಬಂಧವೇ ಇಲ್ಲವೆಂದು ಬರೆಯಲು ಅವನು ಲೇಖನಿಯನ್ನು ಎತ್ತಿಕೊಂಡಿದ್ದನು! ರಾಜಧಾನಿಯು ಹಾಳಾದ ಮೇಲೆ ಬಂದ ಹೆಸರನ್ನು ರಾಜಧಾನಿಯು ಬಾಳಿದ ಕಾಲದ ಬರಹದಲ್ಲಿ ಹುಡುಕಿದರೆ ದೊರೆಯುವುದೆಂತು?

ಆದುದರಿಂದ ಮೊದಲನೆಯ ನಿಯಮವು ಸಮಾನಾರ್ಥದ್ದು. ದೋರಸಮುದ್ರ, ದ್ವಾರಸಮುದ್ರಗಳು ಹಳೇಬೀಡಿನ ವರ್ಗಕ್ಕೆ ಸೇರಲಿ. ವೇಲಾಪುರವು ಬೇಲೂರಿನ ವರ್ಗಕ್ಕೆ, ಅರಸಿಯಕೆರೆಯು ಅರಸೀಕೆರೆಯ ವರ್ಗಕ್ಕೆ ಸೇರಲಿ.

ಎರಡನೆಯದು ಸಾಹಚರ್ಯದ ನಿಯಮ. ‘ಕೆರೆ’ ಎಂಬ ಪದದ ಬಳಿಯಲ್ಲಿ ತೂಬು, ಏರಿ, ಬಿತ್ತುವಟ್ಟ ಎಂಬ ಪದಗಳಿದ್ದರೆ ಅದು ನೀರಾವರಿಯ ವರ್ಗ. ‘ಅರಸಿಯಕೆರೆಯ’ ಎಂದು ವಿಶೇಷಣವಾಗಿ ಬಂದರೆ ಅದು ಊರಿನ ವರ್ಗ. ತುರು, ಕಾದಿ, ಸತ್ತು ಎಂಬ ಪದಗಳು ಒಟ್ಟಿಗೆ ಬಂದರೆ ಅದನ್ನು ವೀರಗಲ್ಲುಗಳ ವರ್ಗದಲ್ಲಿ ಇರಿಸಬಹುದು. ಇಂತಹ ನಿಯಮಗಳನ್ನು ಯಂತ್ರವು ತಾನಾಗಿ ಅರಿಯದು. ಹುಡುಕುವವನು ತನ್ನ ಪ್ರಯೋಜನಕ್ಕೆ ತಕ್ಕಂತೆ ಅವನ್ನು ವಿಧಿಸಬೇಕು. ಕೃಷಿಯ ಚರಿತ್ರೆಯನ್ನು ಬರೆಯುವವನ ವರ್ಗಗಳೇ ಬೇರೆ, ಶಿಲ್ಪವನ್ನು ಅಭ್ಯಸಿಸುವವನ ವರ್ಗಗಳೇ ಬೇರೆ.

ಮೂರನೆಯದು ಅಪವಾದ. ನಮ್ಮ ವಿದ್ಯಾರ್ಥಿಯು ಉತ್ಸಾಹದಿಂದ ‘ದ್ವಾರಾವತಿ’ಯನ್ನೂ ಹಳೇಬೀಡಿನ ವರ್ಗಕ್ಕೆ ಸೇರಿಸಿದನು. ಒಡನೆಯೇ ಎಲ್ಲೆಲ್ಲಿಯ ಶಾಸನಗಳೂ ಆ ವರ್ಗಕ್ಕೆ ನುಗ್ಗಿಬಂದವು. ‘ದ್ವಾರಾವತೀಪುರವರಾಧೀಶ್ವರ’ ಎಂಬುದು ಯಾದವವಂಶದವರೆಂದು ಹೇಳಿಕೊಂಡ ಹೊಯ್ಸಳರ ಬಿರುದು. ಅವರ ಪ್ರಶಸ್ತಿಗಳಲ್ಲಿ ಅದು ಮತ್ತೆಮತ್ತೆ ಬರುತ್ತದೆ. ಅದು ಅರಸನನ್ನು ಸೂಚಿಸುವುದೇ ಹೊರತು ಶಾಸನವು ಯಾವ ಊರಿನದೆಂಬುದನ್ನು ಸೂಚಿಸದು. ‘ಪುರವರಾಧೀಶ್ವರ’ ಎಂಬುದು ಕೂಡಿ ಬಂದಲ್ಲಿ ಬಿರುದೆಂದೇ ಎಣಿಸತಕ್ಕದ್ದೆಂದು ಅಪವಾದವನ್ನು ಬರೆದ ಮೇಲೆ ವರ್ಗವು ಶುದ್ಧವಾಯಿತು. ಉತ್ಸರ್ಗಕ್ಕಿಂತ ಅಪವಾದವು ಬಲವತ್ತರವೆಂಬ ವ್ಯಾಕರಣನ್ಯಾಯವು ಇಲ್ಲಿಯೂ ಸಲ್ಲುತ್ತದೆ. ಯಂತ್ರವು ವಿಶೇಷವಿಧಿಯನ್ನು ಮೊದಲು ನೋಡಿ, ಸಾಮಾನ್ಯವಿಧಿಯನ್ನು ಆಮೇಲೆ ನೋಡುವಂತೆ ಕ್ರಮವಿಡಬೇಕು.

ಕೆಲವೆಡೆ ಸಾಹಚರ್ಯವೂ ಸಾಲದು. ಬಲ್ಲಾಳ ನಾಮದ ಅರಸರು ಹಲವರು. ‘ಬಲ್ಲಾಳ’ನ ಜೊತೆಯಲ್ಲಿ ‘ದೋರಸಮುದ್ರ’ವಿದ್ದ ಮಾತ್ರಕ್ಕೆ ಇಮ್ಮಡಿಯೋ ಮುಮ್ಮಡಿಯೋ ನಿಶ್ಚಯವಾಗದು, ಅಲ್ಲಿ ಶಕವರ್ಷವನ್ನೇ ನೋಡಬೇಕು. ಯಾವ ನಿಯಮಕ್ಕೂ ಒಳಪಡದ ಫಲಗಳನ್ನು ತಳ್ಳಿಹಾಕದೆ ‘ಅನಿಶ್ಚಿತ’ವೆಂಬ ವರ್ಗದಲ್ಲಿ ಕಾಯ್ದಿಡಬೇಕು. ಹೊಸ ಸಂಗತಿಗಳು ಅಡಗಿರುವುದು ಅನೇಕವೇಳೆ ಅಲ್ಲಿಯೇ.

ಅಮರಸಿಂಹನು ಪದಗಳನ್ನು ವರ್ಗಗಳಲ್ಲಿ ಪೋಣಿಸಿದನು. ನಾನಾರ್ಥಪದಗಳಿಗೆ ಪ್ರತ್ಯೇಕ ವರ್ಗವನ್ನೇ ಮೀಸಲಿಟ್ಟನು. ಬಿ. ಎಲ್. ರೈಸರು 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಅಚ್ಚುಹಾಕಿಸಿದರು. ಅವರು ಕೈಯಿಂದ ಮಾಡಿದ ವಿಂಗಡಣೆಯನ್ನು ಯಂತ್ರವು ಇಂದು ಕ್ಷಣದಲ್ಲಿ ಮಾಡುತ್ತದೆ. ಆದರೆ ಯಾವ ಪದವು ಯಾವುದರ ನೆಂಟನೆಂಬುದನ್ನು ಹೇಳಿಕೊಡಬೇಕಾದವರು ನಾವೇ. ವಿದ್ಯಾರ್ಥಿಗಳು ಹಳಗನ್ನಡವನ್ನು ಕಲಿಯಬೇಕೆನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕೆ?