ದುಡಿಮೆಗೆ ಬೇಕು, ನೆಲೆಗೆ ಬೇಡ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಹಿರಿಯರ ಮಾತು. ಮನೆ ಕಟ್ಟಿಸುವವನ ಪಾಡನ್ನು ಈ ಗಾದೆ ಬಲ್ಲದು. ಆದರೆ ಇಟ್ಟಿಗೆ ಹೊತ್ತು, ಗಾರೆ ಕಲಸಿ, ಆ ಮನೆಯನ್ನು ಕೈಯಾರೆ ಎತ್ತಿ ನಿಲ್ಲಿಸಿದವನು ರಾತ್ರಿ ಎಲ್ಲಿ ತಲೆಯಿಡುತ್ತಾನೆ ಎಂಬುದನ್ನು ಅದು ಕೇಳುವುದಿಲ್ಲ. ನಾವೂ ಕೇಳುವುದಿಲ್ಲ.

ಬೆಂಗಳೂರಿನ ಪೂರ್ವಕ್ಕಿರುವ ಮಾರತ್ತಹಳ್ಳಿಯಲ್ಲಿ ನಿಂತು ನೋಡಿದರೆ ಈ ಪ್ರಶ್ನೆ ತಾನಾಗಿಯೇ ಏಳಬೇಕು. ಹೆಸರಿನಲ್ಲಿ ಮಾತ್ರ ಹಳ್ಳಿಯಾಗಿ ಉಳಿದಿರುವ ಈ ಊರಿನ ಹೊರವರ್ತುಲ ರಸ್ತೆಯ ಇಕ್ಕೆಲಗಳಲ್ಲಿ ಗಾಜಿನ ಕಚೇರಿಗಳೂ ಮುಗಿಲೆತ್ತರದ ವಸತಿ ಸಮುಚ್ಚಯಗಳೂ ಎದ್ದು ನಿಂತಿವೆ. ಬೆಳಗಾಗುತ್ತಲೇ ಅಡುಗೆಯವರು, ಪಾತ್ರೆ ತೊಳೆಯುವವರು, ಕಾವಲುಗಾರರು, ಕಸ ಆಯುವವರು, ಗಾರೆ ಕೆಲಸದವರು ಸಾಲುಸಾಲಾಗಿ ಬಂದು ಈ ಕಟ್ಟಡಗಳೊಳಗೆ ಕರಗಿಹೋಗುತ್ತಾರೆ. ಕತ್ತಲಾಗುತ್ತಲೇ ಹಾಗೆಯೇ ಹೊರಬಿದ್ದು ಮರೆಯಾಗುತ್ತಾರೆ. ಎಲ್ಲಿಗೆ? ಆ ಪ್ರಶ್ನೆಗೆ 2020ರ ಜನವರಿಯಲ್ಲಿ ನಗರಕ್ಕೆ ಒಮ್ಮೆ ಉತ್ತರ ಕಾಣಿಸಿತು. ಕಂಡದ್ದನ್ನು ನಗರವು ಬೇಗನೆ ಮರೆತೂಬಿಟ್ಟಿತು.

ಜನವರಿಯ ಎರಡು ದಿನ

ಮಾರತ್ತಹಳ್ಳಿಗೆ ಹೊಂದಿಕೊಂಡಂತಿರುವ ಕರಿಯಮ್ಮನ ಅಗ್ರಹಾರದ ಖಾಸಗಿ ಜಮೀನಿನಲ್ಲಿ ತಗಡು, ಟಾರ್ಪಾಲುಗಳ ಗುಡಿಸಲುಗಳಿದ್ದುವು. ಅಲ್ಲಿದ್ದವರು ಬಿಟ್ಟಿ ಬಿಡಾರ ಹೂಡಿದವರಲ್ಲ. ಬಾಡಿಗೆ ತೆತ್ತು ಇದ್ದವರು. ಉತ್ತರ ಕರ್ನಾಟಕದಿಂದ ಬಂದವರು ಕೆಲವರು. ಅಸ್ಸಾಂ, ತ್ರಿಪುರಾ, ಪಶ್ಚಿಮ ಬಂಗಾಳಗಳಿಂದ ಬಂದವರು ಮತ್ತೆ ಕೆಲವರು. ಅವರೆಲ್ಲರೂ ಅಕ್ರಮವಾಗಿ ನುಸುಳಿದ ಬಾಂಗ್ಲಾದೇಶೀಯರೆಂಬ ಮಾತು ಹಬ್ಬಿತು. ಅವರನ್ನು ತೆರವುಗೊಳಿಸಬೇಕೆಂದು ಮಾರತ್ತಹಳ್ಳಿ ಪೊಲೀಸರು ಜಮೀನಿನ ಒಡೆಯರಿಗೆ ನೋಟೀಸು ಕೊಟ್ಟರು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಒಬ್ಬ ಇಂಜಿನಿಯರರು ಪೊಲೀಸ್ ರಕ್ಷಣೆ ಕೋರಿ ಪತ್ರ ಬರೆದರು. ಜನವರಿ 18 ಮತ್ತು 19ರಂದು ಜೆ.ಸಿ.ಬಿ. ಯಂತ್ರಗಳು ಬಂದುವು. ನೂರಕ್ಕೂ ಹೆಚ್ಚು ಗುಡಿಸಲುಗಳು ನೆಲಸಮವಾದುವು.

ಮುರಿದ ತಗಡುಗಳ ನಡುವೆ ನಿಂತು ಅನೇಕರು ತಮ್ಮ ಆಧಾರ್ ಕಾರ್ಡನ್ನೂ ಮತದಾರರ ಗುರುತಿನ ಚೀಟಿಯನ್ನೂ ತೆಗೆದು ತೋರಿಸಿದರು. ಆದರೆ ಅಷ್ಟರಲ್ಲಿ ಕೇಳಬೇಕಾದ ಪ್ರಶ್ನೆಯ ಹೊತ್ತು ಮೀರಿತ್ತು. ಮೊದಲು ವಿಚಾರಣೆ, ಆಮೇಲೆ ಶಿಕ್ಷೆ ಎಂಬುದು ನ್ಯಾಯದ ಕ್ರಮ. ಇಲ್ಲಿ ಆ ಕ್ರಮ ತಿರುವುಮುರುವಾಗಿತ್ತು.

ನಾಗರಿಕ ಹಕ್ಕುಗಳ ಸಂಘಟನೆಯಾದ ಪಿ.ಯು.ಸಿ.ಎಲ್. ಹೈಕೋರ್ಟಿನ ಮೊರೆಹೊಕ್ಕಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರ ನೇತೃತ್ವದ ಪೀಠವು ಮುಂದಿನ ತೆರವಿಗೆ ತಡೆಯೊಡ್ಡಿತು; ಪೊಲೀಸರ ಕ್ರಮವನ್ನು ಪ್ರಶ್ನಿಸಿ, ನೆಲೆ ಕಳೆದುಕೊಂಡವರ ಪುನರ್ವಸತಿಗೆ ಏನು ಮಾಡುವಿರೆಂದು ಸರ್ಕಾರವನ್ನು ಕೇಳಿತು. ನ್ಯಾಯಾಲಯ ಎಚ್ಚರವಾಗಿತ್ತೆಂಬುದು ಸಮಾಧಾನದ ಸಂಗತಿ. ಆದರೆ ಅಕ್ಕಪಕ್ಕದ ಸಾವಿರಾರು ಮನೆಗಳಲ್ಲಿ ಅಂದು ಎಷ್ಟು ಮಂದಿ ಕೆಲಸದಾಕೆ ಏಕೆ ಬರಲಿಲ್ಲವೆಂದು ಬೇಸರಪಟ್ಟರೋ, ಎಷ್ಟು ಮಂದಿ ಅವಳು ಎಲ್ಲಿರುವಳೆಂದು ವಿಚಾರಿಸಿದರೋ ಬಲ್ಲವರಾರು?

ಮೇ ತಿಂಗಳ ತಿರುವು

ಎರಡು ತಿಂಗಳು ಕಳೆಯುವಷ್ಟರಲ್ಲಿ ಕೊರೋನಾ ವ್ಯಾಧಿಯ ಕಾರಣದಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಎಲ್ಲರೂ ಮನೆಯೊಳಗೇ ಇರಬೇಕೆಂಬ ಆಜ್ಞೆ ಹೊರಟಿತು. ಒಳಗಿರಲು ಮನೆಯೇ ಇಲ್ಲದವನು ಏನು ಮಾಡಬೇಕು? ಕೂಲಿ ನಿಂತಿತು, ಕೈಯಲ್ಲಿದ್ದ ಕಾಸು ಕರಗಿತು. ಜನ ತಮ್ಮ ತಮ್ಮ ಊರುಗಳಿಗೆ ಹೊರಟು ನಿಂತರು.

ಆಗ ನಡೆದದ್ದು ನೆನಪಿನಲ್ಲಿಡತಕ್ಕದ್ದು. 2020ರ ಮೇ 5ರಂದು ಮುಖ್ಯಮಂತ್ರಿಗಳು ಕಟ್ಟಡ ಉದ್ಯಮಿಗಳೊಡನೆ ಸಭೆ ನಡೆಸಿದರು. ಅಂದೇ ರಾಜ್ಯ ಸರ್ಕಾರವು ವಲಸೆ ಕಾರ್ಮಿಕರಿಗಾಗಿ ಕೇಳಿದ್ದ ರೈಲುಗಳು ಇನ್ನು ಬೇಡವೆಂದು ರೈಲ್ವೆಗೆ ತಿಳಿಸಿತು. ಕೆಲಸ ಮತ್ತೆ ಆರಂಭವಾಗಲಿದೆ, ಇವರು ಇಲ್ಲಿಯೇ ಇರಬೇಕು ಎಂಬುದು ಅದರ ತಾತ್ಪರ್ಯ. ಎಲ್ಲ ಕಡೆಯಿಂದ ಟೀಕೆ ಬಂದ ಮೇಲೆ ಎರಡು ದಿನಗಳಲ್ಲಿ ಆ ತೀರ್ಮಾನವನ್ನು ಬದಲಾಯಿಸಬೇಕಾಯಿತು.

ಜನವರಿಯಲ್ಲಿ ‘ನೀವು ಇಲ್ಲಿಯವರಲ್ಲ, ಹೊರಡಿ’ ಎಂದ ನಗರವೇ ಮೇ ತಿಂಗಳಲ್ಲಿ ‘ನೀವಿಲ್ಲದೆ ಆಗದು, ಹೊರಡಬೇಡಿ’ ಎಂದಿತು. ಈ ಎರಡು ಮಾತುಗಳು ಪರಸ್ಪರ ವಿರುದ್ಧವೆಂದು ತೋರಿದರೂ ಎರಡರ ಬೇರೂ ಒಂದೇ. ನಮಗೆ ಅವರ ಕೈಗಳು ಬೇಕು. ಆ ಕೈಗಳೊಡನೆ ಬರುವ ಹೊಟ್ಟೆ, ನಿದ್ದೆ, ಮಕ್ಕಳು, ಒಲೆ ಬೇಡ.

ದುಡಿಯುವವನಿಗೇಕೆ ಮನೆಯಿಲ್ಲ?

ಸೋಮಾರಿಯಾದವನಿಗೆ ಮನೆಯಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಹಳ ಮಂದಿಗಿದೆ. ಅದು ನಮಗೆ ಹಿತವಾದ ನಂಬಿಕೆ. ಏಕೆಂದರೆ ಅದು ನಮ್ಮನ್ನು ಹೊಣೆಯಿಂದ ಬಿಡಿಸುತ್ತದೆ. ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಹಿಡಿಯುವಾಗ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ಸಂಬಳದ ನೌಕರನನ್ನೇ ಬಳಲಿಸುವ ಈ ಮೊತ್ತವನ್ನು ದಿನಗೂಲಿಯವನು ಎಲ್ಲಿಂದ ತಂದಾನು? ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆಂದು ಕೇಂದ್ರ ಸರ್ಕಾರ 2021ರಲ್ಲಿ ಅಂಗೀಕರಿಸಿದ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಆದರೆ ಅದು ರಾಜ್ಯಗಳ ಮುಂದಿಟ್ಟ ಮಾದರಿ ಮಾತ್ರ.

ಕಟ್ಟಡ ಕಾರ್ಮಿಕರಿಗೆ ಕಾನೂನಿನ ಆಸರೆಯುಂಟು. ಕೆಲಸ ನಡೆಯುವಷ್ಟು ಕಾಲ ಮಾಲೀಕನು ಕೆಲಸದ ಸ್ಥಳದಲ್ಲಿಯೇ ಅಥವಾ ಅದರ ಸಮೀಪದಲ್ಲಿ ಬಾಡಿಗೆಯಿಲ್ಲದೆ ತಾತ್ಕಾಲಿಕ ವಸತಿ ಕೊಡಬೇಕು, ಅಡುಗೆಗೆ, ಸ್ನಾನಕ್ಕೆ, ಶೌಚಕ್ಕೆ ಬೇರೆ ಬೇರೆ ಸ್ಥಳವಿರಬೇಕು ಎಂದು 1996ರ ಕಾಯ್ದೆ ವಿಧಿಸಿತ್ತು. ಆದರೆ ಕಟ್ಟಡ ಮುಗಿದೊಡನೆ ಆ ವಸತಿಯೂ ಮುಗಿಯುತ್ತಿತ್ತು. ಆಮೇಲೆ ಆ ಕಟ್ಟಡವನ್ನು ಗುಡಿಸುವ, ಕಾಯುವ, ಅದರೊಳಗೆ ಅಡುಗೆ ಮಾಡುವ ಜನಕ್ಕೆ ಈ ಕಾಯ್ದೆಯ ಆಸರೆಯೂ ಇರಲಿಲ್ಲ.

ಎಣಿಕೆಗೆ ಸಿಕ್ಕವರು

ನಮ್ಮ ಜನಗಣತಿಯವರು ಸೂರಿಲ್ಲದವರನ್ನು ಒಂದು ರಾತ್ರಿ ಎಣಿಸುತ್ತಾರೆ. 2011ರಲ್ಲಿ ಆ ರಾತ್ರಿ ಫೆಬ್ರವರಿ 28. ಪಾದಚಾರಿ ಮಾರ್ಗ, ಮೇಲ್ಸೇತುವೆಯ ಅಡಿ, ಗುಡಿಯ ಮಂಟಪ, ರೈಲು ನಿಲ್ದಾಣ, ಕೊನೆಗೆ ರಸ್ತೆಬದಿಯ ದೊಡ್ಡ ಕೊಳವೆಗಳೊಳಗೂ ಹುಡುಕಿ ಎಣಿಸಿದಾಗ ದೇಶದಲ್ಲಿ ಸುಮಾರು 17.7 ಲಕ್ಷ ಜನ ಸಿಕ್ಕರು. ಹತ್ತು ವರ್ಷಗಳಲ್ಲಿ ಹಳ್ಳಿಗಳಲ್ಲಿ ಈ ಸಂಖ್ಯೆ ಇಳಿದಿತ್ತು. ನಗರಗಳಲ್ಲಿ ಮಾತ್ರ 7.78 ಲಕ್ಷದಿಂದ 9.38 ಲಕ್ಷಕ್ಕೆ ಏರಿತ್ತು. ಗುಡಿಸಲಿನಲ್ಲಿರುವವನು ಈ ಲೆಕ್ಕಕ್ಕೆ ಬರುವುದಿಲ್ಲ. ಗುಡಿಸಲು ಉರುಳಿದ ರಾತ್ರಿ ಅವನೂ ನಿರ್ವಸಿತನಾಗುತ್ತಾನೆ. ಆದರೆ ಆ ರಾತ್ರಿ ಎಣಿಸಲು ಯಾರೂ ಬರುವುದಿಲ್ಲ.

ನಗರದ ಪ್ರತಿ ಒಂದು ಲಕ್ಷ ಜನಕ್ಕೆ ನೂರು ಮಂದಿ ತಂಗಬಹುದಾದ ಒಂದು ರಾತ್ರಿ ವಸತಿ ಇರಬೇಕೆಂಬ ಅಳತೆಯನ್ನು ಸುಪ್ರೀಂ ಕೋರ್ಟ್ 2010ರಲ್ಲಿ ಎತ್ತಿಹಿಡಿಯಿತು. 2011ರ ಗಣತಿಯಂತೆ ಪಾಲಿಕೆಯ ವ್ಯಾಪ್ತಿಯಲ್ಲಿ 84 ಲಕ್ಷ ಜನರಿದ್ದರು. ಅಂದರೆ 84 ವಸತಿಗಳು. ನಗರ ಬೆಳೆದಂತೆ ಈ ಲೆಕ್ಕವೂ ಬೆಳೆಯಬೇಕು. ದಾರಿಹೋಕರಿಗಾಗಿ ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದೆದುರು ಛತ್ರ ಕಟ್ಟಿಸಿದ ಊರು ಇದು. ಊರಿಗೆ ಬಂದವನಿಗೆ ತಂಗಲು ತಾವು ಬೇಕೆಂಬ ಮಾತನ್ನು ನಮಗೆ ನ್ಯಾಯಾಲಯದಿಂದ ಕಲಿಯಬೇಕಾದ ಅಗತ್ಯವಿರಲಿಲ್ಲ.

ಕರ ತೆತ್ತರೆ ಸಾಕೆ?

ನಾವೇನೂ ಕೊಡುತ್ತಿಲ್ಲವೆಂದಲ್ಲ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಮನೆಯೊಡೆಯರ ಆಸ್ತಿ ತೆರಿಗೆಯೊಡನೆ ಶೇಕಡಾ 3ರ ಉಪಕರ ಸಂದಾಯವಾಗುತ್ತ ಬಂದಿದೆ. ಆ ಹಣ ಸೇರುವ ವ್ಯವಸ್ಥೆಗೆ ಒಳಪಟ್ಟ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಕೆಲವೇ ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತಾಗ ನಗರ ಬೆಚ್ಚಿಬಿದ್ದಿತು. ಕರ ಕಟ್ಟಿದವರು ನಾವು. ಅದರಿಂದ ಯಾರಿಗೆ ಏನಾಯಿತೆಂದು ವಿಚಾರಿಸಿದವರು ನಮ್ಮಲ್ಲಿ ಬಹಳ ಮಂದಿಯಿರಲಿಲ್ಲ.

ಕರಿಯಮ್ಮನ ಅಗ್ರಹಾರವನ್ನು ಕುರಿತು ಬರೆದ ಆ ಪತ್ರದಲ್ಲಿ ಸಾರ್ವಜನಿಕರಿಂದ ದೂರು ಬಂದಿದೆಯೆಂಬ ಮಾತಿತ್ತು. ಆ ಸಾರ್ವಜನಿಕರು ಯಾರು? ಸಮುಚ್ಚಯದ ಸಂಘದ ಸಭೆಯಲ್ಲಿ ‘ಆ ಶೆಡ್ಡುಗಳು ಹೋಗಲಿ’ ಎಂಬ ಅರ್ಜಿಗೆ ರುಜು ಹಾಕುವವರು ನಾವೇ. ರುಜು ಹಾಕುವ ಮುನ್ನ ನಮ್ಮ ಬಾಗಿಲು ಕಾಯುವವನ, ನಮ್ಮ ಮಗುವಿಗೆ ಊಟ ಬಡಿಸುವವಳ ವಿಳಾಸವನ್ನು ಒಮ್ಮೆ ಕೇಳಿ ತಿಳಿದುಕೊಳ್ಳುವುದು ಕಷ್ಟದ ಕೆಲಸವಲ್ಲ. ಆ ವಿಳಾಸವೂ ಆ ಶೆಡ್ಡುಗಳ ಸಾಲಿನಲ್ಲಿಯೇ ಇರಬಹುದು. ಅವರೂ ಸಾರ್ವಜನಿಕರೇ, ಅವರ ದೂರನ್ನು ಬರೆದುಕೊಳ್ಳುವವರು ಮಾತ್ರ ಇನ್ನೂ ದೊರೆತಿಲ್ಲ.