ಡಿಸ್ಕ್ ಜಾರಿದಾಗ ಭೌತಚಿಕಿತ್ಸೆ

ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂತಹ 23 ಬಿಲ್ಲೆಗಳಿವೆ. ಅವುಗಳ ಹೊರಭಾಗ ನಾರಿನ ಉಂಗುರ, ಒಳಭಾಗ ಲೋಳೆಯಂತಹ ತಿರುಳು. ‘ಡಿಸ್ಕ್ ಜಾರಿತು’ ಎಂಬುದು ರೂಢಿಯ ಮಾತು. ವಾಸ್ತವವಾಗಿ ಬಿಲ್ಲೆ ಜಾರುವುದಿಲ್ಲ. ಉಂಗುರ ಬಿರಿದು ತಿರುಳು ಹೊರಚಾಚಿ ನರವನ್ನು ಒತ್ತುತ್ತದೆ. ಸೊಂಟದ ಕೊನೆಯ ಎರಡು ಬಿಲ್ಲೆಗಳಲ್ಲಿ ಇದು ಹೆಚ್ಚು. ಆಗ ನೋವು ಪೃಷ್ಠದಿಂದ ಪಾದದವರೆಗೂ ಇಳಿಯುತ್ತದೆ. ಈ ಸಂಬಂಧವನ್ನು 1934ರಲ್ಲಿ ಸ್ಪಷ್ಟಪಡಿಸಿದವರು ಬಾಸ್ಟನ್ನಿನ ವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್.

ಹಿಂದೆ ರೋಗಿಯನ್ನು ವಾರಗಟ್ಟಲೆ ಹಲಗೆಯ ಮೇಲೆ ಮಲಗಿಸುವ ಪದ್ಧತಿಯಿತ್ತು. ದೀರ್ಘಕಾಲ ಮಲಗಿದರೆ ಸ್ನಾಯುಗಳು ಸೊರಗಿ ಚೇತರಿಕೆ ತಡವಾಗುವುದೆಂದು ಈಗ ತಿಳಿದಿದೆ. ಹೊರಚಾಚಿದ ತಿರುಳನ್ನು ದೇಹವೇ ಅನೇಕ ವೇಳೆ ಕ್ರಮೇಣ ಕರಗಿಸಿಕೊಳ್ಳುತ್ತದೆ. ಬಹುಪಾಲು ರೋಗಿಗಳಿಗೆ 6ರಿಂದ 12 ವಾರಗಳಲ್ಲಿ ಶಸ್ತ್ರಕ್ರಿಯೆಯಿಲ್ಲದೆಯೇ ನೋವು ತಗ್ಗುತ್ತದೆ. ಆ ಅವಧಿಯಲ್ಲಿ ದೇಹವನ್ನು ಚಲನೆಯಲ್ಲಿಡುವುದೇ ಭೌತಚಿಕಿತ್ಸೆಯ, ಅಂದರೆ ಫಿಸಿಯೋಥೆರಪಿಯ, ಉದ್ದೇಶ.

ಮೊದಲು ಸಮನೆಲದ ಮೇಲೆ ಅಲ್ಪ ನಡಿಗೆ. ಬಳಿಕ ಬೋರಲು ಮಲಗಿ, ಮೊಣಕೈಗಳನ್ನೂರಿ ಎದೆಯೆತ್ತುವಂತಹ ವ್ಯಾಯಾಮ. ನೋವು ಕಾಲನ್ನು ಬಿಟ್ಟು ಸೊಂಟದತ್ತ ಸರಿದರೆ ಶುಭಲಕ್ಷಣ. ಕಾಲಿಗೆ ಇನ್ನಷ್ಟು ಇಳಿದರೆ ಆ ವ್ಯಾಯಾಮವನ್ನು ನಿಲ್ಲಿಸಬೇಕು. ಕೊನೆಯಲ್ಲಿ ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳನ್ನು ಬಲಪಡಿಸುವ ಅಭ್ಯಾಸ. ಯಾರಿಗೆ ಯಾವುದು ತಕ್ಕುದೆಂಬುದನ್ನು ಪರೀಕ್ಷಿಸಿದ ತಜ್ಞರೇ ನಿರ್ಧರಿಸಬೇಕು.

ಕೊಚ್ಚಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಎಣ್ಣೆಯ ಅಂಗಮರ್ದನ ಸುಲಭವಾಗಿ ದೊರೆಯುತ್ತದೆ. ಬಿಗಿದ ಸ್ನಾಯುಗಳಿಗೆ ಅದು ಹಿತವೆನಿಸಬಹುದು. ಆದರೆ ಹೊರಬಂದ ತಿರುಳನ್ನು ಒಳದೂಡಲಾರದು. ಮೂತ್ರ ಕಟ್ಟುವುದು ಅಥವಾ ಹತೋಟಿ ತಪ್ಪುವುದು, ತೊಡೆಸಂದು ಮರಗಟ್ಟುವುದು, ಪಾದ ಎತ್ತಲಾಗದಿರುವುದು ಇವುಗಳಲ್ಲಿ ಯಾವುದು ಕಂಡರೂ ವ್ಯಾಯಾಮವೂ ಬೇಡ, ಮರ್ದನವೂ ಬೇಡ. ಎಡಪ್ಪಳ್ಳಿಯಲ್ಲಿ 1998ರಲ್ಲಿ ಆರಂಭವಾದ ಅಮೃತಾ ಆಸ್ಪತ್ರೆಯಂತಹ, ನರಶಸ್ತ್ರಚಿಕಿತ್ಸೆಯ ಸೌಕರ್ಯವುಳ್ಳ ಆಸ್ಪತ್ರೆಗೆ ಅಂದೇ ಹೋಗಬೇಕು. ವಿಳಂಬವಾದರೆ ನರದ ಹಾನಿ ಶಾಶ್ವತವಾಗಬಹುದು.